ಮನೆಶಾಲೆಗೆ ದೇವಾಲಯದ ಸಭಾಂಗಣವೇಕೆ?

ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಈಚೆಗೆ ಒಂದು ವಿನಂತಿ ಬಂದಿತು. ನಾಲ್ಕೈದು ಕುಟುಂಬಗಳು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಓದಿಸಲು ನಿಶ್ಚಯಿಸಿವೆ. ವಾರಕ್ಕೊಂದು ದಿನ ಆ ಮಕ್ಕಳು ಒಟ್ಟಿಗೆ ಕಲಿಯಲು ದೇವಾಲಯದ ಸಭಾಂಗಣ ಬೇಕು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳಿಂದ ಈ ಪದ್ಧತಿಯನ್ನು ಅವರು ತಿಳಿದುಕೊಂಡಿದ್ದರು. ಸಮಿತಿಯಲ್ಲಿ ಕೆಲವರು ನಕ್ಕರು. ಕೆಲವರು ಇದೆಂಥ ಧರ್ಮನಿಷ್ಠೆ ಎಂದು ತಲೆದೂಗಿದರು. ನಗುವುದೂ ಸಲ್ಲದು, ತಲೆದೂಗುವುದೂ ಸಲ್ಲದು ಎಂಬುದು ನನ್ನ ವಾದ.

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮಕ್ಕಳನ್ನು ಮನೆಯಲ್ಲಿ ಓದಿಸುವುದು ಕಾನೂನುಸಮ್ಮತ. ಹೀಗೆ ಕಲಿಯುತ್ತಿದ್ದ ಮಕ್ಕಳು 1999ರಲ್ಲಿ ಸುಮಾರು 8.5 ಲಕ್ಷ, 2007ರ ವೇಳೆಗೆ ಸುಮಾರು 15 ಲಕ್ಷ. ಇವರೆಲ್ಲರೂ ಕ್ರೈಸ್ತರಲ್ಲವಾದರೂ ಈ ಚಳವಳಿಯನ್ನು 1980ರ ದಶಕದಿಂದೀಚೆಗೆ ಬೆಳೆಸಿದವರಲ್ಲಿ ಶ್ರದ್ಧಾವಂತ ಕ್ರೈಸ್ತ ಕುಟುಂಬಗಳ ಪಾತ್ರ ದೊಡ್ಡದು. ಆದರೆ ಮನೆಯೊಳಗೆ ತಾಯಿಯೊಬ್ಬಳೇ ಎಷ್ಟೆಂದು ಕಲಿಸಿಯಾಳು? ರಸಾಯನಶಾಸ್ತ್ರದ ಪ್ರಯೋಗಗಳೆಲ್ಲ ಅಡುಗೆಮನೆಯಲ್ಲಿ ನಡೆಯಲಾರವು. ಒಬ್ಬ ಮಗನಿಂದ ಗಾನವೃಂದವಾಗದು, ಎದುರಾಳಿಯಿಲ್ಲದೆ ಚರ್ಚಾಸ್ಪರ್ಧೆಯಾಗದು. ಆದ್ದರಿಂದಲೇ ಹತ್ತಿಪ್ಪತ್ತು ಕುಟುಂಬಗಳು ವಾರದ ಒಂದು ದಿನ ಯಾವುದಾದರೊಂದು ದೇವಾಲಯದ ಸಭಾಂಗಣದಲ್ಲಿ ಕೂಡುತ್ತವೆ. ಪ್ರಾರ್ಥನೆಯೊಂದಿಗೆ ತರಗತಿ ಆರಂಭವಾಗುತ್ತದೆ. ಲೆಕ್ಕ ಬಲ್ಲ ತಂದೆ ಲೆಕ್ಕ ಹೇಳಿಕೊಡುತ್ತಾನೆ, ದಾದಿಯಾಗಿದ್ದ ತಾಯಿ ಜೀವಶಾಸ್ತ್ರ ಕಲಿಸುತ್ತಾಳೆ, ಇನ್ನೊಬ್ಬಳು ಪಕ್ಕದ ಕೋಣೆಯಲ್ಲಿ ಎಲ್ಲರ ಕೈಗೂಸುಗಳನ್ನು ನೋಡಿಕೊಳ್ಳುತ್ತಾಳೆ. ಮಗುವನ್ನು ಬಾಗಿಲಲ್ಲಿ ಬಿಟ್ಟು ಹೊರಟುಹೋಗುವಂತಿಲ್ಲ. ತಾಯಿಯೋ ತಂದೆಯೋ ಉಳಿದು ಯಾವುದಾದರೂ ಕೆಲಸಕ್ಕೆ ಹೆಗಲು ಕೊಡಲೇಬೇಕೆಂಬುದು ಇಂತಹ ಅನೇಕ ಗುಂಪುಗಳ ನಿಯಮ. ಇದನ್ನೇ ಶುಲ್ಕ ಮತ್ತು ಪಠ್ಯಕ್ರಮ ಸಹಿತ ದೊಡ್ಡ ಸಂಸ್ಥೆಯಾಗಿ ಬೆಳೆಸಿದವರೂ ಇದ್ದಾರೆ. 1997ರಲ್ಲಿ ಲೀ ಬಾರ್ಟಿನ್ಸ್ ಎಂಬ ಮಹಿಳೆ ಉತ್ತರ ಕ್ಯಾರೊಲೈನಾದಲ್ಲಿ ಆರಂಭಿಸಿದ ‘ಕ್ಲಾಸಿಕಲ್ ಕಾನ್ವರ್ಸೇಷನ್ಸ್’ ಅಂಥದ್ದು.

ಕಥೋಲಿಕ ಕುಟುಂಬಗಳು ಈ ದಾರಿ ಹಿಡಿದುದಕ್ಕೆ ಕಾರಣ ಭಕ್ತಿಯೊಂದೇ ಅಲ್ಲ. 1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸಭೆ ಸೇರಿದ್ದ ಅಮೆರಿಕದ ಧರ್ಮಾಧ್ಯಕ್ಷರು ಪ್ರತಿ ದೇವಾಲಯದ ಬಳಿಯೂ ಒಂದು ಶಾಲೆ ಏಳಬೇಕೆಂದು ವಿಧಿಸಿದ್ದರು. ಐರ್ಲೆಂಡ್, ಇಟಲಿ, ಪೋಲೆಂಡುಗಳಿಂದ ವಲಸೆ ಬಂದ ಬಡ ಕಾರ್ಮಿಕರ ಕಾಸಿನಿಂದ ಶಾಲೆಗಳು ಎದ್ದವು. ಅತ್ಯಲ್ಪ ಸಂಭಾವನೆಗೆ ದುಡಿದ ಕನ್ಯಾಸ್ತ್ರೀಯರು ಅವನ್ನು ನಡೆಸಿದರು. 1960ರ ದಶಕದ ಮಧ್ಯಭಾಗದಲ್ಲಿ ಕಥೋಲಿಕ ಶಾಲೆಗಳಲ್ಲಿ 50 ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಕನ್ಯಾಸ್ತ್ರೀಯರ ಸಂಖ್ಯೆ ಕುಗ್ಗಿದಂತೆ ಸಂಬಳದ ಶಿಕ್ಷಕರು ಬಂದರು, ಶುಲ್ಕ ಏರಿತು, ಸಾವಿರಾರು ಶಾಲೆಗಳು ಮುಚ್ಚಿದವು. ಇಂದು ಆ ಮಕ್ಕಳ ಸಂಖ್ಯೆ 20 ಲಕ್ಷವನ್ನೂ ಮುಟ್ಟುವುದಿಲ್ಲ. ಕಳೆದುಕೊಂಡ ಶಾಲೆಯ ಬದಲಿಗೆ ಕಟ್ಟಿಕೊಂಡ ಆಸರೆಯನ್ನು ಶಾಲೆ ಇನ್ನೂ ಎದುರಿಗೇ ನಿಂತಿರುವ ನಾವು ಆದರ್ಶವೆಂದು ತರಿಸಿಕೊಳ್ಳುವುದು ವಿಚಿತ್ರವಲ್ಲವೆ?

ಹಕ್ಕಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಒರೆಗಾನ್ ರಾಜ್ಯ ಮಾಡಿದ ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಕಥೋಲಿಕ ಕನ್ಯಾಸ್ತ್ರೀಯರೇ ಇದ್ದರು; 1925ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಎಂದರೆ ಪೋಪ್ ಹನ್ನೊಂದನೆಯ ಪಿಯುಸ್, 1929ರ ತಮ್ಮ ವಿಶ್ವಪತ್ರದಲ್ಲಿ ಆ ತೀರ್ಪನ್ನು ಮೆಚ್ಚಿ ಸ್ಮರಿಸಿದ್ದಾರೆ. ತಂದೆತಾಯಂದಿರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಮನೆಯಲ್ಲಿ ಕಲಿಸುವ ತಾಯಿ ಧರ್ಮಸಭೆಗೆ ಅವಿಧೇಯಳೆಂದು ಯಾರೂ ಹೇಳಲಾರರು. ಆದರೆ ನಮ್ಮ ಉತ್ಸಾಹಿಗಳು ಬಾಯಿಪಾಠ ಮಾಡಿರುವುದು ಇಷ್ಟನ್ನೇ. ಕುಟುಂಬವು ಶಿಕ್ಷಣದ ಮೊದಲ ಸಮುದಾಯ, ಆದರೆ ಅದೊಂದೇ ಸಮುದಾಯವಲ್ಲ ಎಂದು ಎರಡನೆಯ ಜಾನ್ ಪಾಲರು 1981ರಲ್ಲಿ ಕುಟುಂಬವನ್ನು ಕುರಿತ ತಮ್ಮ ಬೋಧನಾಪತ್ರದಲ್ಲಿ ಹೇಳಿದ್ದನ್ನು ಅವರು ಓದಿದಂತಿಲ್ಲ. ನಜರೇತಿನ ಮನೆಗಿಂತ ಉತ್ತಮವಾದ ಮನೆಶಾಲೆ ಯಾವುದಿದ್ದೀತು? ಆದರೂ ಹನ್ನೆರಡರ ಆ ಬಾಲಕ ಸಿಕ್ಕಿದ್ದು ದೇವಾಲಯದಲ್ಲಿ, ತನ್ನ ತಾಯ್ತಂದೆಗೆ ಅಪರಿಚಿತರಾಗಿದ್ದ ಬೋಧಕರ ನಡುವೆ. ಸಭಾಂಗಣ ಕೇಳುತ್ತಿರುವ ಕುಟುಂಬಗಳ ವಿನಂತಿಯೂ ಇದನ್ನೇ ಒಪ್ಪಿಕೊಳ್ಳುತ್ತದೆ. ಮನೆಯೊಂದೇ ಸಾಲುವುದಾಗಿದ್ದರೆ ಸಭಾಂಗಣವೇಕೆ?

ಈಗ ನನ್ನ ನಿಜವಾದ ಆಕ್ಷೇಪ. ಆ ತರಗತಿಯೊಳಗೆ ಯಾರಿರುತ್ತಾರೆ? ಅಮೆರಿಕದ ಎಷ್ಟೋ ಗುಂಪುಗಳಲ್ಲಿ ವಿಶ್ವಾಸದ ಹೇಳಿಕೆಯೊಂದಕ್ಕೆ ಸಹಿ ಹಾಕದವರಿಗೆ ಪ್ರವೇಶವಿಲ್ಲ. ಸಹಿ ಕೇಳದ ಕಡೆಯೂ ಇನ್ನೊಂದು ಬೇಲಿ ಇದ್ದೇ ಇದೆ: ಹಗಲೆಲ್ಲ ಮನೆಯಲ್ಲಿರಬಲ್ಲ, ಓದಿಕೊಂಡ ತಾಯಿ ಬೇಕು. ನಮ್ಮ ಧರ್ಮಕೇಂದ್ರದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿಯುವ ತಾಯಂದಿರಿದ್ದಾರೆ, ಗಾರೆ ಕೆಲಸದ ತಂದೆಯರಿದ್ದಾರೆ. ಅವರ ಮಕ್ಕಳು ಎಲ್ಲಿಗೆ ಹೋಗಬೇಕು? ಧರ್ಮಕೇಂದ್ರದ ಶಾಲೆಗೇ. ಆ ಶಾಲೆಯಲ್ಲಿ ಪಾಠ ಸರಿಯಿಲ್ಲದಿದ್ದರೆ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಧೈರ್ಯದಿಂದ ಕೇಳಬಲ್ಲವರು ಈ ನಾಲ್ಕೈದು ಕುಟುಂಬಗಳವರೇ. ಅವರೇ ಹೊರಟುಹೋದರೆ ಕೇಳುವವರು ಯಾರು?

ಹೊರಗಿನ ಸಹವಾಸದಿಂದ ಮಕ್ಕಳ ವಿಶ್ವಾಸ ಕೆಡುತ್ತದೆ ಎಂಬುದು ಅವರ ಭಯ. ಮೊಬೈಲಿನಲ್ಲಿ ಬರುವ ಕೊಳಕಿನ ಬಗ್ಗೆ ಈ ಮಾತು ಹೇಳಿದ್ದರೆ ಒಪ್ಪುತ್ತಿದ್ದೆ (ಅದು ಮನೆಯೊಳಗೇ ಇದೆ). ಆದರೆ ಹೊರಗಿನ ಸಹವಾಸವೆಂದರೆ ಯಾರು? ಒಂದೇ ಬೆಂಚಿನಲ್ಲಿ ಕುಳಿತು ಬುತ್ತಿ ಹಂಚಿಕೊಳ್ಳುವ ಮುಸಲ್ಮಾನರ ಹುಡುಗ, ಲಿಂಗಾಯತರ ಹುಡುಗಿ, ದಲಿತ ಕೇರಿಯ ಮಗು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ನೂರರಲ್ಲಿ ಇಬ್ಬರೂ ಇಲ್ಲದ ನಾವು ನಮ್ಮ ಮಕ್ಕಳನ್ನು ಉಳಿದ ತೊಂಬತ್ತೆಂಟು ಮಂದಿಯಿಂದ ಮರೆಮಾಡಿ ಬೆಳೆಸಿದರೆ, ನಾಳೆ ನಮ್ಮ ಬಗ್ಗೆ ಯಾರೋ ಅಪಪ್ರಚಾರ ಮಾಡಿದಾಗ ‘ಅವನು ನನ್ನ ಜೊತೆ ಓದಿದವನು, ಅವನನ್ನು ನಾನು ಬಲ್ಲೆ’ ಎನ್ನುವವರು ಎಲ್ಲಿಂದ ಬರಬೇಕು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಾಗಲಿ, 1880ರಲ್ಲಿ ಅಲ್ಲಿಯೇ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆಯವರಾಗಲಿ ತಮ್ಮವರಿಗೆ ಮಾತ್ರವೆಂದು ಬಾಗಿಲು ಹಾಕಿಕೊಳ್ಳಲಿಲ್ಲ.

ಇಷ್ಟು ಹೇಳಿದ ಮೇಲೆ ನಕ್ಕವರಿಗೂ ಒಂದು ಮಾತು ಹೇಳಲೇಬೇಕು. ಭಾನುವಾರ ಬಲಿಪೂಜೆ ಮುಗಿದು ಧರ್ಮೋಪದೇಶ ತರಗತಿಯ ಗಂಟೆ ಬಾರಿಸುವಾಗ ದೇವಾಲಯದ ಅಂಗಳವನ್ನು ನೋಡಿರಿ. ಮಕ್ಕಳನ್ನು ಒಳಗೆ ತಳ್ಳಿ, ಮಾಂಸದಂಗಡಿಯ ಸಾಲು ಬೆಳೆಯುವ ಮೊದಲೇ ತಲುಪಬೇಕೆಂದು ಬೈಕು ತಿರುಗಿಸುವವರು ನಾವೇ ಅಲ್ಲವೆ? ಅರವತ್ತು ಮಕ್ಕಳ ಮುಂದೆ ಒಬ್ಬ ಧರ್ಮಭಗಿನಿ, ಇಬ್ಬರು ಪಿಯುಸಿ ಓದುವ ಹುಡುಗಿಯರು. ಆ ಅರವತ್ತರಲ್ಲಿ ಜಪಸರವನ್ನು ಮನೆಯಲ್ಲಿ ಕಲಿತುಬಂದವರೆಷ್ಟು? ಮಗ ಹೊಸ ಪರಮಪ್ರಸಾದಕ್ಕೆ ಸಿದ್ಧನಾಗಿಲ್ಲವೆಂದು ಗುರುಗಳು ಹೇಳಿದರೆ ಅವರೊಡನೆ ಜಗಳಕ್ಕೆ ನಿಲ್ಲುತ್ತೇವೆ. ಮನೆಶಾಲೆಯ ತಾಯಿಯ ದಾರಿ ತಪ್ಪಿದ್ದರೂ ಇರಬಹುದು. ಆದರೆ ದೀಕ್ಷಾಸ್ನಾನದ ದಿನ ಕೊಟ್ಟ ಮಾತನ್ನು ಅವಳು ಬೇರೆಯವರ ತಲೆಗೆ ಕಟ್ಟಿಲ್ಲ.

ಆದ್ದರಿಂದ ಸಮಿತಿ ಆ ಕುಟುಂಬಗಳಿಗೆ ಸಭಾಂಗಣವನ್ನು ಕೊಡಲಿ. ಆದರೆ ಶಾಲೆಯ ದಿನ ಬೇಡ, ಶನಿವಾರ ಮಧ್ಯಾಹ್ನ ಕೊಡಲಿ. ಶಾಲೆ ಬಿಟ್ಟ ನಾಲ್ಕು ಮನೆಯ ಮಕ್ಕಳಿಗಷ್ಟೇ ಅಲ್ಲ, ಧರ್ಮಕೇಂದ್ರದ ಎಲ್ಲ ಮಕ್ಕಳಿಗೆ, ಅವರ ಜೊತೆಗೆ ಬರುವ ನೆರೆಮನೆಯ ಮಕ್ಕಳಿಗೂ ಕೊಡಲಿ. ಒಂದು ನಿಯಮವನ್ನು ಮಾತ್ರ ಅಮೆರಿಕದವರಿಂದ ತಂದರೆ ಸಾಕು: ಬಿಟ್ಟುಹೋಗುವಂತಿಲ್ಲ, ಸರದಿಯಂತೆ ಪ್ರತಿ ಮನೆಯಿಂದಲೂ ಒಬ್ಬರು ಉಳಿಯಬೇಕು. ‘ನಾವು ಏನು ಬಲ್ಲೆವು, ಏನು ಕಲಿಸಲಿ?’ ಎಂದು ಗಾರೆ ಕೆಲಸದ ತಂದೆ ಕೇಳಬಹುದು. ತೂಕದ ದಾರ ಇಳಿಬಿಟ್ಟು ಗೋಡೆ ನೇರವಿದೆಯೇ ಎಂದು ನೋಡುವುದನ್ನು ಮಕ್ಕಳಿಗೆ ಅವನಷ್ಟು ಚೆನ್ನಾಗಿ ಯಾವ ರೇಖಾಗಣಿತದ ಮೇಷ್ಟರೂ ಹೇಳಿಕೊಡಲಾರರು. ಗಾರ್ಮೆಂಟ್ಸ್ ತಾಯಿಗೆ ಶನಿವಾರವೂ ಪಾಳಿಯಿದ್ದರೆ ಅವಳ ಸರದಿಯನ್ನು ಅಜ್ಜಿಯೋ, ಈ ನಾಲ್ಕೈದು ಮನೆಗಳ ತಾಯಂದಿರಲ್ಲಿ ಒಬ್ಬಳೋ ವಹಿಸಿಕೊಳ್ಳಲಿ. ಮುಂದಿನ ಸಭೆಯಲ್ಲಿ ನಾನು ಇದನ್ನೇ ಸೂಚಿಸಲಿದ್ದೇನೆ. ಮೊದಲ ಶನಿವಾರದ ಸರದಿಗೆ ನನ್ನ ಹೆಸರನ್ನು ಬರೆದುಕೊಟ್ಟಿದ್ದೇನೆ.