ಒಂದಗುಳಿನ ಭವಿಷ್ಯ

ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದ್ದ. ಅವರಪ್ಪನ ಕಿಡ್ನಿ ಕ್ಯಾನ್ಸರಿನ ಜೀನ್ ರಿಪೋರ್ಟು. ಕೆಂಪು, ಹಸಿರು ಚೌಕಗಳು, ಕೊನೆಗೆ ‘ಲೋ ರಿಸ್ಕ್’. “ಬಚಾವಾದ್ವಿ ಅಲ್ವೇನೋ?” ಅಂತ ಕೇಳಿದ.

ನನ್ನ ತಕರಾರು ಈ ‘ಬಚಾವಾದ್ವಿ’ ಮೇಲೆ. ಗಡ್ಡೆಯಲ್ಲಿ ಯಾವ ಜೀನು ಜೋರಾಗಿದೆ, ಯಾವುದು ಸುಮ್ಮನಾಗಿದೆ ಅಂತ ಓದೋದು ದೊಡ್ಡ ವಿಜ್ಞಾನವೇ. ಕಿಡ್ನಿ ಕ್ಯಾನ್ಸರಿನ ಸಾಮಾನ್ಯ ಬಗೆಯಲ್ಲಿ ಹೆಚ್ಚಾಗಿ ವಿಎಚ್‌ಎಲ್ ಎಂಬ ಜೀನು ಕೆಟ್ಟಿರುತ್ತೆ. ಆಗ ಆಮ್ಲಜನಕ ಸಾಕಷ್ಟಿದ್ದರೂ ಜೀವಕೋಶ ಉಸಿರುಗಟ್ಟಿದಂತೆ ವರ್ತಿಸುತ್ತೆ, ರಕ್ತನಾಳ ಬೆಳೆಸುವ ಜೀನುಗಳು ಚುರುಕಾಗುತ್ತವೆ. ಇದು ತಿಳಿದಿದ್ದರಿಂದಲೇ ಹೊಸ ಔಷಧಿಗಳು ಬಂದವು.

ಆದರೆ 2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ ಒಂದೇ ಕಿಡ್ನಿ ಗಡ್ಡೆಯ ಹಲವು ಕಡೆಯಿಂದ ಚೂರು ತೆಗೆದು ನೋಡಿತು. ಒಂದು ಚೂರಿನ ಜೀನುಗಳು ‘ಪರವಾಗಿಲ್ಲ’ ಅಂದರೆ, ಇನ್ನೊಂದರವು ‘ಕಷ್ಟ’ ಅಂದವು! ಮೂರರಲ್ಲಿ ಸುಮಾರು ಎರಡು ಪಾಲು ಮ್ಯುಟೇಷನ್‌ಗಳು ಎಲ್ಲ ಚೂರುಗಳಲ್ಲೂ ಕಾಣಲೇ ಇಲ್ಲ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು. ಗಡ್ಡೆಗೆ ಆ ಲೆಕ್ಕ ನಡೆಯಲ್ಲ. ಹಾಗಿರುವಾಗ ಸೂಜಿಯ ತುದಿಗೆ ಸಿಕ್ಕಿದ್ದನ್ನು ಇಡೀ ಗಡ್ಡೆಯ ಜಾತಕ ಅಂತ ಮಾರೋದು ಯಾವ ನ್ಯಾಯ?

ರಿಪೋರ್ಟನ್ನು ಎಸೆಯಬೇಕಿಲ್ಲ. ಎಷ್ಟು ಕಡೆಯಿಂದ ಚೂರು ತೆಗೆದಿರಿ, ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಅಂತ ಡಾಕ್ಟರನ್ನು ಕೇಳಿ. ನಾಚಿಕೆ ಬೇಡ, ದುಡ್ಡು ಕೊಟ್ಟಿರೋದು ನೀವು.

ಗೆಳೆಯನಿಗೆ ಇಷ್ಟೇ ಬರೆದೆ: “ಹಸಿರು ಚೌಕ ನೋಡ್ಕೊಂಡು ಸ್ಕ್ಯಾನ್ ತಪ್ಪಿಸಬೇಡ ಕಣೋ.”