ಪಾರ್ಕನ್ನು ನುಂಗುವ ಒಳ್ಳೆಯ ಕೆಲಸಗಳು

ಗೋವಾದ ಕುಂಕಳ್ಳಿಗೆ ಫಾಲ್ಗುಣದಲ್ಲಿ ದೇವಿ ಮರಳಿ ಬರುತ್ತಾಳೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಾಳದೆ ಫಾತರ್ಪಾಕ್ಕೆ ಹೋಗಿ ನೆಲೆಸಿದ ಶಾಂತಾದುರ್ಗೆಯನ್ನು 12 ವಾಂಗಡಗಳ (ಕುಲಗಳ) ಜನ 12 ಬಣ್ಣದ ಛತ್ರಿಗಳೊಂದಿಗೆ ಮೂಲಸ್ಥಾನಕ್ಕೆ ಕರೆತರುತ್ತಾರೆ. ಸಾವಿರಾರು ಜನ ಗುಲಾಲು ಎರಚಿ ಕುಣಿಯುವ ಇಂಥ ಉತ್ಸವಕ್ಕೆ ಊರಿನಲ್ಲಿ ಬಯಲಿರಬೇಕು. ಉಳಿದ ದಿನಗಳಲ್ಲಿ ಬಯಲು ಖಾಲಿ ಬಿದ್ದಂತೆ ಕಾಣುತ್ತದೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ.

2011ರ ಜನಗಣತಿಯಲ್ಲಿ ಕುಂಕಳ್ಳಿಯ ಜನಸಂಖ್ಯೆ ಸುಮಾರು 16 ಸಾವಿರ. ಕೈಗಾರಿಕಾ ವಸಾಹತು ಮೊದಲಿನಿಂದಲೂ ಇದೆ, ಕಾರವಾರ–ಮಡಗಾಂವ್ ಹೆದ್ದಾರಿ ಊರೊಳಗಿಂದಲೇ ಹಾಯುತ್ತದೆ. 2024ರ ಫೆಬ್ರುವರಿಯಲ್ಲಿ ಎನ್‌ಐಟಿಯ ಕಾಯಂ ಕ್ಯಾಂಪಸ್ ಉದ್ಘಾಟನೆಯಾಯಿತು. ಇಂಥ ಊರಿನಲ್ಲಿ ಬಾಡಿಗೆ ಖೋಲಿಗಳು ಹೆಚ್ಚುತ್ತವೆ, ಗುಂಟೆಯ ದರ ಏರುತ್ತದೆ. ಆಗ ಪುರಸಭೆಯ ಕಣ್ಣು ಬೀಳುವುದು ಪಾರ್ಕಿನ ಮೇಲೆ. ಕಾರಣ ಸರಳ: ಬೇರೆ ಜಾಗಕ್ಕೆ ದುಡ್ಡು ಕೊಡಬೇಕು, ಪಾರ್ಕಿಗೆ ಕೊಡಬೇಕಾಗಿಲ್ಲ.

ಪಾರ್ಕನ್ನು ಕಬಳಿಸುವವರು ಭೂಗಳ್ಳರು ಎಂದೇ ನಾವು ಭಾವಿಸಿದ್ದೇವೆ. ಅವರ ವಿರುದ್ಧ ಹೋರಾಡುವುದು ಕಷ್ಟವಾದರೂ ಗುರುತಿಸುವುದು ಸುಲಭ. ನಿಜವಾಗಿ ಪಾರ್ಕನ್ನು ಸವೆಸುವುದು ಯಾರೂ ಬೇಡ ಎನ್ನಲಾಗದ ಕೆಲಸಗಳು. ಬೆಂಗಳೂರಿನ ಕಬ್ಬನ್ ಪಾರ್ಕ್ ನೋಡಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಸುಮಾರು 100 ಎಕರೆಯ ಉದ್ಯಾನ ಮುಂದೆ 300 ಎಕರೆಯವರೆಗೆ ವಿಸ್ತರಿಸಿತು. ಅದರೊಳಗೆ ಮತ್ತು ಅಂಚಿನಲ್ಲಿ ವಸ್ತು ಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ, ಸೆಂಚುರಿ ಕ್ಲಬ್, ಟೆನಿಸ್ ಕ್ರೀಡಾಂಗಣ, ಬಾಲಭವನ, ಮತ್ಸ್ಯಾಲಯ, ಪ್ರೆಸ್ ಕ್ಲಬ್ ಒಂದೊಂದಾಗಿ ಬಂದವು. ಇವುಗಳಲ್ಲಿ ಯಾವುದನ್ನು ತಪ್ಪೆನ್ನುವುದು? ಪ್ರೆಸ್ ಕ್ಲಬ್ ಬಗ್ಗೆ ಪತ್ರಿಕೆಯಲ್ಲಿ ಬರೆಯುವವರು ಮೌನವಾಗಿರುವುದೇ ಲೇಸು. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿ, ಒಟ್ಟುಗೂಡಿಸಿದಾಗಲೇ ಹೋದದ್ದೆಷ್ಟು ಎಂಬುದು ಗೊತ್ತಾಗುವುದು.

ಈ ಗಂಟನ್ನು ಸುಪ್ರೀಂ ಕೋರ್ಟ್ ಬಿಡಿಸಿದ್ದು ಸದಾಶಿವನಗರದ ಒಂದು ಪ್ರಕರಣದಲ್ಲಿ. ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಖಾಸಗಿ ವೈದ್ಯಕೀಯ ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ಹಂಚಿತು. ಹಾಗೆ ಮಾಡೆಂದು ಸೂಚನೆ ಬಂದದ್ದು ಸರ್ಕಾರದ ತುದಿಯಿಂದ. ನಿವಾಸಿಗಳು ಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಸೋತರೂ ಹೈಕೋರ್ಟ್‌ನ ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್‌ನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 1991ರಲ್ಲಿ ತಳ್ಳಿಹಾಕಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂಬ ಹೆಸರಿನ ಈ ತೀರ್ಪನ್ನು ದೇಶದ ನಾನಾ ಕೋರ್ಟುಗಳು ಇಂದಿಗೂ ಉಲ್ಲೇಖಿಸುತ್ತವೆ.

ಟ್ರಸ್ಟ್‌ನ ವಾದ ದುರ್ಬಲವಾಗಿರಲಿಲ್ಲ. ಪಾರ್ಕೂ ಸೌಲಭ್ಯ, ಆಸ್ಪತ್ರೆಯೂ ಸೌಲಭ್ಯ. ಜನರಿಗೆ ಆಸ್ಪತ್ರೆಯಿಂದಲೇ ಹೆಚ್ಚು ಉಪಯೋಗ ಎಂಬುದು ಅದರ ತಿರುಳು. ನ್ಯಾಯಾಲಯ ಒಪ್ಪಲಿಲ್ಲ. ಬಯಲಿನ ಉಪಯೋಗವೇ ಬೇರೆ, ಅದಕ್ಕೆ ಬದಲಾಗಿ ಇನ್ನೊಂದು ಸೌಲಭ್ಯವನ್ನು ತಂದು ಕೂರಿಸಲಾಗದು ಎಂದಿತು. ಪಾರ್ಕಿಗೆ ಮೀಸಲಾದ ನೆಲದ ವಿಷಯದಲ್ಲಿ ಅಲ್ಲಿನ ನಿವಾಸಿಗಳು ದಾವೆ ಹೂಡಬಹುದು ಎಂದೂ ಹೇಳಿತು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಬಾಳುವ ಮಾತು. ಬಿಡಿಎ ಕಾಯ್ದೆಯಂತೆ ಬಡಾವಣೆಯಲ್ಲಿ ಕನಿಷ್ಠ ಶೇ 15ರಷ್ಟು ಜಾಗ ಪಾರ್ಕು, ಆಟದ ಮೈದಾನಕ್ಕೆ, ನಾಗರಿಕ ಸೌಲಭ್ಯದ (ಸಿ.ಎ.) ಸೈಟುಗಳಿಗೆ ಪ್ರತ್ಯೇಕವಾಗಿ ಶೇ 10. ಆಸ್ಪತ್ರೆ, ಶಾಲೆಗಳಿಗೆ ಬೇರೆಯೇ ಜಾಗ ಇಟ್ಟ ಮೇಲೂ ಪಾರ್ಕಿನ ಪಾಲಿಗೆ ಕೈ ಹಾಕುವುದಕ್ಕೆ ಸಮರ್ಥನೆ ಎಲ್ಲಿಯದು?

ಗೋವಾದ ಕಾನೂನು ಸದ್ಯ ಸಾಗುತ್ತಿರುವುದು ಎದುರು ದಿಕ್ಕಿನಲ್ಲಿ. 2021ರ ಪ್ರಾದೇಶಿಕ ಯೋಜನೆಯ ‘ತಪ್ಪು ತಿದ್ದುವ’ ನೆಪದಲ್ಲಿ ಒಂದೊಂದೇ ತುಂಡು ಜಮೀನಿನ ವಲಯ ಬದಲಿಸಲು ನಗರ ಯೋಜನಾ ಕಾಯ್ದೆಯ 17(2)ನೇ ಸೆಕ್ಷನ್ ದಾರಿ ಮಾಡಿತ್ತು. ಅದರ ನಿಯಮಗಳನ್ನು ಬಾಂಬೆ ಹೈಕೋರ್ಟ್‌ನ ಗೋವಾ ಪೀಠ 2025ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಆ ವೇಳೆಗಾಗಲೇ, 2024ರಲ್ಲಿ, 39ಎ ಎಂಬ ಇನ್ನೊಂದು ಬಾಗಿಲು ತೆರೆದಿತ್ತು. ಇದರಡಿ ವಲಯ ಬದಲಾವಣೆಗೆ ಮುನ್ನ ಸಾರ್ವಜನಿಕರ ಸಲಹೆಗೆ ಸಿಗುವುದು 30 ದಿನ. ಪಾಳಿಯಲ್ಲಿ ದುಡಿದು ಖೋಲಿಗೆ ಮರಳುವ ಕಾರ್ಮಿಕ ಆ ಪ್ರಕಟಣೆಯನ್ನು ಹುಡುಕಿ ಓದಿ ಆಕ್ಷೇಪಣೆ ಬರೆಯುತ್ತಾನೆಂದು ನಂಬುವುದು ಹೇಗೆ? ಸಂಜೆ ಮಕ್ಕಳನ್ನು ಆಡಲು ಬಿಡುವ ಜಾಗ ಎಲ್ಲರಿಗಿಂತ ಹೆಚ್ಚು ಬೇಕಿರುವುದು ಅವನಿಗೇ, ಬಂಗಲೆಯವರಿಗೆ ಅಂಗಳವಿದೆ.

ಹಸಿರು ಎಂಬ ಮಾತಿಗೂ ಇಲ್ಲಿ ಮೋಸ ಹೋಗಬಾರದು. ವಾಕಿಂಗ್ ಪಾಥ್, ಪೇವರ್, ಕಾರಂಜಿ, ಓಪನ್ ಜಿಮ್ ಎಲ್ಲ ಸೇರಿ ‘ಅಭಿವೃದ್ಧಿ’ಯಾದ ಪಾರ್ಕಿನಲ್ಲಿ ನೀರಿಳಿಯುವ ಮಣ್ಣು ಎಷ್ಟು ಉಳಿಯುತ್ತದೆ? ಮುರಕಲ್ಲಿನ ನೆಲದ ಗೋವಾದಲ್ಲಿ ಮಳೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು. ಇಂಗಿದರೆ ಬಾವಿಗೆ ನೀರು, ಇಂಗದಿದ್ದರೆ ರಸ್ತೆ ತುಂಬ ಹೊಳೆ.

ಕುಂಕಳ್ಳಿಯಂಥ ಊರು ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರತಿ ಪಾರ್ಕು, ಮೈದಾನದ ಸರ್ವೆ ನಂಬರ್ ಮತ್ತು ಗಡಿಯನ್ನು ಠರಾವಿನಲ್ಲಿ ದಾಖಲಿಸಿ ಫಲಕ ಹಾಕಬೇಕು. ಕಟ್ಟಡಕ್ಕೆ ಮಾತ್ರವಲ್ಲ, ಪೇವರ್‌ಗೂ ಮಿತಿ ಗೊತ್ತುಮಾಡಬೇಕು. ಸಮುದಾಯ ಭವನ ಬೇಕೆಂದಾದರೆ ಬಜೆಟ್ಟಿನಲ್ಲಿ ಕಟ್ಟಡದ ಖರ್ಚಿನ ಜೊತೆಗೆ ಜಮೀನಿನ ಖರ್ಚನ್ನೂ ತೋರಿಸಬೇಕು. ಎನ್‌ಐಟಿಯ ಸುತ್ತ ಗುಂಟೆಯ ದರ ಇನ್ನಷ್ಟು ಏರಿದ ಮೇಲೆ ಆ ಠರಾವಿಗೆ ಬಹುಮತ ಸಿಗುವುದು ಕಷ್ಟ.