ಕ್ಯಾಮೆರಾ ಎಲ್ಲಿತ್ತು?

ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಟ ರೈಲು ಬಂಗಾರಪೇಟೆ ಜಂಕ್ಷನ್‌ನಲ್ಲಿ ನಿಂತಿರುತ್ತದೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು. ಕಿಟಕಿಯ ಬಳಿ ಕುಳಿತ ಹುಡುಗನಿಗೆ ತನ್ನ ರೈಲು ಹೊರಟಿತೆಂದೇ ಅನಿಸುತ್ತದೆ. ಆದರೆ ಇನ್ನೊಂದು ಬದಿಯ ಪ್ಲಾಟ್‌ಫಾರಂ ಕಂಬವನ್ನು ನೋಡಿದರೆ ಅದು ಅಲ್ಲಾಡಿಲ್ಲ! ಹೊರಟದ್ದು ಪಕ್ಕದ ರೈಲು. ಇದು ಸಾಪೇಕ್ಷ ಚಲನೆ ಎಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಸಿನಿಮಾದ ಅಂತರಿಕ್ಷ ನೌಕೆಗಳು ದಶಕಗಳ ಕಾಲ ಹಾರಿದ್ದು ಇದೇ ಪಾಠದ ಬಲದಿಂದ.

ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ಇಂದಿನ ಅನೇಕ ತಂದೆ ತಾಯಂದಿರು ಎಂಬತ್ತರ ದಶಕದ ದೂರದರ್ಶನದಲ್ಲಿ ನೋಡಿದ್ದಾರೆ. ಅದರ ‘ಎಂಟರ್‌ಪ್ರೈಸ್’ ನೌಕೆ ಸುಮಾರು 11 ಅಡಿ ಉದ್ದದ ಒಂದು ಮಾದರಿ. ಚಿತ್ರೀಕರಣದ ವೇಳೆ ಅದು ಕಂಬದ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಹಳಿಗಳ ಮೇಲೆ ಸರಿಯುತ್ತಿದ್ದುದು ಕ್ಯಾಮೆರಾ. ನೌಕೆಯ ಹಿಂದೆ ನೀಲಿ ಪರದೆ ಇರುತ್ತಿತ್ತು. ಆ ನೀಲಿಯನ್ನು ತೆಗೆದು, ಬೇರೆಯಾಗಿ ಚಿತ್ರಿಸಿದ ನಕ್ಷತ್ರಗಳನ್ನೂ ಗ್ರಹವನ್ನೂ ಅಲ್ಲಿ ಸೇರಿಸುತ್ತಿದ್ದರು. ಮಾದರಿಯೊಳಗಿನ ದೀಪಗಳಿಗೆ ಬೇಕಾದ ತಂತಿಗಳು ಎಡಬದಿಯಿಂದ ಒಳಹೋಗುತ್ತಿದ್ದುದರಿಂದ ಬಲಬದಿಯನ್ನಷ್ಟೇ ಚಿತ್ರೀಕರಿಸುವಂತಿತ್ತು.

ಹೀಗೆ ಪದರ ಪದರವಾಗಿ ಸಿದ್ಧವಾಗುವ ಕೆಲವೇ ಸೆಕೆಂಡುಗಳ ದೃಶ್ಯಕ್ಕೆ ಬಹಳ ಹಣ, ಬಹಳ ದಿನ ಬೇಕು. ಧಾರಾವಾಹಿಯಾದರೋ ವಾರವಾರವೂ ಬರಬೇಕು. ಆದ್ದರಿಂದ ಒಮ್ಮೆ ತೆಗೆದ ದೃಶ್ಯವನ್ನೇ ಮತ್ತೆ ಮತ್ತೆ ಬಳಸಿದರು. ನೌಕೆ ಅದೇ, ತಿರುವು ಅದೇ. ಕೆಳಗಿನ ಗ್ರಹದ ಬಣ್ಣ ಬದಲಾದರೆ ಹೊಸ ಲೋಕ ಸಿದ್ಧ!

ಒಂದು ಚಿತ್ರದ ನೌಕೆ ಇನ್ನೊಂದು ಚಿತ್ರಕ್ಕೆ ಹಾರಿದ್ದೂ ಉಂಟು. 1972ರ ‘ಸೈಲೆಂಟ್ ರನ್ನಿಂಗ್’ ಚಿತ್ರದಲ್ಲಿ ಕಾಡುಗಳನ್ನು ಹೊತ್ತು ಸಾಗಿದ ನೌಕೆಯೇ 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯಲ್ಲಿ ಬೆಳೆ ಬೆಳೆಯುವ ನೌಕೆಯಾಯಿತು. ನಿರ್ಮಾಪಕ ರೋಜರ್ ಕಾರ್ಮನ್ ತಮ್ಮ 1980ರ ಚಿತ್ರದ ಯುದ್ಧ ದೃಶ್ಯಗಳನ್ನು 1983ರ ‘ಸ್ಪೇಸ್ ರೇಡರ್ಸ್’ ಚಿತ್ರಕ್ಕೆ ಬಳಸಿಕೊಂಡರು. 1991ರ ಸ್ಟಾರ್ ಟ್ರೆಕ್ ಚಿತ್ರದಲ್ಲಿ ಸಿಡಿದ ಶತ್ರುನೌಕೆ 1994ರ ಚಿತ್ರದಲ್ಲಿ ಅದೇ ರೀತಿ ಮತ್ತೊಮ್ಮೆ ಸಿಡಿಯಿತು. ಇವೆಲ್ಲ ತಮ್ಮ ಮನೆಯ ಪಾತ್ರೆಯನ್ನೇ ಮತ್ತೆ ಒಲೆಗೇರಿಸಿದಂತೆ. ಆದರೆ 1982ರಲ್ಲಿ ಟರ್ಕಿಯ ಒಂದು ಚಿತ್ರ ‘ಸ್ಟಾರ್ ವಾರ್ಸ್’ನ ದೃಶ್ಯಗಳನ್ನು ಅನುಮತಿಯಿಲ್ಲದೆಯೇ ಸೇರಿಸಿಕೊಂಡಿತು. ಅದು ಪಕ್ಕದ ಮನೆಯ ಪಾತ್ರೆ!

ಇಂತಹ ಮರುಬಳಕೆಯನ್ನು ಗುರುತಿಸುವುದು ಕಷ್ಟವಲ್ಲ. ನೌಕೆ ಸದಾ ಒಂದೇ ಬದಿಯಿಂದ ಕಾಣುತ್ತದೆಯೇ? ಬೆಳಕು ಬೀಳುವ ದಿಕ್ಕು ಪಕ್ಕದ ದೃಶ್ಯಕ್ಕೆ ಹೊಂದುತ್ತದೆಯೇ? ಹಳೆಯ ಫಿಲ್ಮಿನಲ್ಲಿ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರ ಮಸುಕಾಗುತ್ತದೆ. ನಡುವೆ ಒಂದು ದೃಶ್ಯ ಮಾತ್ರ ಮಂಕಾಗಿ ಬಂದರೆ ಅನುಮಾನಿಸಬಹುದು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಇದನ್ನು ತೆಗೆದಾಗ ಕ್ಯಾಮೆರಾ ಎಲ್ಲಿತ್ತು?

ಈ ಪ್ರಶ್ನೆ ಸಿನಿಮಾ ಮಂದಿರದ ಹೊರಗೂ ಬೇಕು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ‘ವಿಕ್ರಮ್’ ಚಂದ್ರನ ಮೇಲಿಳಿಯಿತು. ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಿಂದ ಬಂದ ನೇರ ಪ್ರಸಾರವನ್ನು ಮನೆಮನೆಗಳಲ್ಲಿ ಉಸಿರು ಬಿಗಿಹಿಡಿದು ನೋಡಿದರು. ತೆರೆಯ ಮೇಲೆ ವಿಕ್ರಮ್ ಇಳಿಯುತ್ತಿದ್ದುದು ಹೊರಗಿನಿಂದ ಕಾಣುತ್ತಿತ್ತು. ಆದರೆ ಚಂದ್ರನ ಬಳಿ ಹೊರಗೆ ನಿಂತು ಅದನ್ನು ಚಿತ್ರಿಸುವ ಕ್ಯಾಮೆರಾ ಯಾವುದಿತ್ತು? ಯಾವುದೂ ಇರಲಿಲ್ಲ. ಜನ ನೋಡಿದ್ದು ಕಂಪ್ಯೂಟರ್ ಬಿಡಿಸಿದ ಚಿತ್ರ. ಅದರ ಜೊತೆಗಿದ್ದ ಎತ್ತರ, ವೇಗದ ಅಂಕಿಗಳು ಮಾತ್ರ ವಿಕ್ರಮ್ ಕಳುಹಿಸಿದ ಸಂಕೇತಗಳಿಂದ ಬಂದವು. ಚಿತ್ರ ಕಲ್ಪಿತ, ಅಂಕಿ ನಿಜ.

ಇದು ತಿಳಿಯದಿದ್ದರೆ ಎರಡು ಬಗೆಯ ತಪ್ಪಾಗುತ್ತದೆ. ಬಿಡಿಸಿದ ಚಿತ್ರವನ್ನೇ ಛಾಯಾಚಿತ್ರವೆಂದು ನಂಬುವುದು ಒಂದು. ‘ಬರೀ ಕಾರ್ಟೂನ್ ತೋರಿಸಿದರು, ಚಂದ್ರನಿಗೆ ಹೋಗಿಯೇ ಇಲ್ಲ’ ಎನ್ನುವುದು ಇನ್ನೊಂದು. ವಿಕ್ರಮ್ ತನ್ನದೇ ಕ್ಯಾಮೆರಾದಿಂದ ಇಳಿಯುವಾಗ ತೆಗೆದ ಚಂದ್ರನ ನೆಲದ ಚಿತ್ರಗಳನ್ನು ಇಸ್ರೋ ಅಂದೇ ಪ್ರಕಟಿಸಿತು. ಆ ಚಿತ್ರಗಳಲ್ಲಿ ಕ್ಯಾಮೆರಾ ಎಲ್ಲಿತ್ತೆಂಬುದು ಸ್ಪಷ್ಟ. ಆದರೆ ಅದೇ ದಿನಗಳಲ್ಲಿ ಚಂದ್ರಯಾನಕ್ಕೆ ಸಂಬಂಧವೇ ಇಲ್ಲದ ಹಳೆಯ ವಿಡಿಯೊಗಳೂ ಅದರ ಹೆಸರು ಹೊತ್ತು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಸಿನಿಮಾದವರು ಹಳೆಯ ದೃಶ್ಯವನ್ನು ಕಥೆಗಾಗಿ ಬಳಸಿದರು. ಕಥೆ ಎಂದು ಪ್ರೇಕ್ಷಕನಿಗೂ ಗೊತ್ತಿತ್ತು. ಸುದ್ದಿಯ ವೇಷದಲ್ಲಿ ಬಂದ ಹಳೆಯ ದೃಶ್ಯ ಹಾಗಲ್ಲ, ಅದು ಮೋಸ.

ಕೆ.ಜಿ.ಎಫ್ ಸುತ್ತಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಯೇ ಸೈನೈಡ್ ದಿಬ್ಬ. 2018ರ ‘ಕೆ.ಜಿ.ಎಫ್’ ಚಿತ್ರದಲ್ಲಿ ಅದನ್ನು ನೋಡಿ ದೇಶವೆಲ್ಲ ಬೆರಗಾಯಿತು. ಊರಿನ ಮಕ್ಕಳಿಗೆ ಮಾತ್ರ ಕ್ಯಾಮೆರಾ ಎಲ್ಲಿತ್ತೆಂದು ಗೊತ್ತಿತ್ತು. ಗೊತ್ತಿದ್ದೂ ಅವರು ಸಿನಿಮಾವನ್ನು ಸಂತೋಷದಿಂದಲೇ ನೋಡಿದರು. ತಿಳಿವಳಿಕೆ ಆನಂದವನ್ನು ಕೆಡಿಸುವುದಿಲ್ಲ.

ರಜೆಯಲ್ಲಿ ಒಂದು ಪ್ರಯೋಗ ಮಾಡಿ. ರಟ್ಟಿನ ನೌಕೆಯೊಂದನ್ನು ಕಪ್ಪು ಬಟ್ಟೆಯ ಮುಂದೆ ನಿಲ್ಲಿಸಿ. ಅಪ್ಪ ಅಥವಾ ಅಮ್ಮನ ಮೊಬೈಲನ್ನು ಮೇಜಿನ ಮೇಲೆ ನಿಧಾನವಾಗಿ ಜಾರಿಸುತ್ತ ಚಿತ್ರೀಕರಿಸಿ. ನಿಂತ ನೌಕೆ ಹಾರತೊಡಗುತ್ತದೆ! ಮುಂದಿನ ಸಲ ಮೊಬೈಲಿಗೆ ಯಾವುದಾದರೂ ಅದ್ಭುತ ದೃಶ್ಯ ಬಂದಾಗ, ಇನ್ನೊಬ್ಬರಿಗೆ ಕಳುಹಿಸುವ ಮೊದಲು ಬಂಗಾರಪೇಟೆಯ ಹುಡುಗನಂತೆ ಒಮ್ಮೆ ಪ್ಲಾಟ್‌ಫಾರಂ ಕಂಬವನ್ನು ನೋಡಿ.